ಕಂಪ್ಯೂಟರಿಗೆ ಹನ್ನೊಂದು ಕಿಲೋ ಕರೆಂಟು

ಉತ್ತಮಪಾಳಯಂ ಬಸ್ ನಿಲ್ದಾಣದಿಂದ ಕಂಬಂ ಕಡೆಗೆ ನಡೆದರೆ, ಬಾಳೆ ತೋಟಗಳು ಶುರುವಾಗುವುದಕ್ಕೆ ಸ್ವಲ್ಪ ಮೊದಲು, ಎಡಗಡೆಗೆ ಕಂದಸಾಮಿ ಮಾಮನ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಅದಕ್ಕೆ ಬೋರ್ಡು ಇಲ್ಲ. ಸುಟ್ಟ ಮೋಟಾರಿನ ವಾಸನೆ ಬೋರ್ಡಿಗಿಂತ ದೂರ ಹೋಗುತ್ತದೆ ಎಂಬುದು ಮಾಮನ ಲೆಕ್ಕ. ಅದು ನಿಜವೇ ಎಂದು ನಾನು ನಡೆದು ನೋಡಿದ್ದೇನೆ. ಗಾಳಿ ಸರಿಯಾಗಿದ್ದರೆ ನಿಲ್ದಾಣದ ಚಹಾ ಅಂಗಡಿಯವರೆಗೆ ಬರುತ್ತದೆ.

ಮಾಮನಿಗೆ ಐವತ್ತಮೂರು ವರ್ಷ. ಅದರಲ್ಲಿ ಮೂವತ್ತೆಂಟು ವರ್ಷ ತಾಮ್ರದ ತಂತಿ ಸುತ್ತಿದ್ದಾರೆ. ನಮ್ಮ ಕಡೆ ಸುಟ್ಟುಹೋದ ಪಂಪ್‌ಸೆಟ್ ಮೋಟಾರು ತರುವ ರೈತ ಅದು ಯಾಕೆ ಸುಟ್ಟಿತು ಎಂದು ಕೇಳುವುದಿಲ್ಲ. ಬಿಚ್ಚಿದ ಹಳೆಯ ತಂತಿಯನ್ನು ತನ್ನ ಕಣ್ಣೆದುರು ತೂಗಬೇಕು, ಸುತ್ತಲಿರುವ ಹೊಸ ತಂತಿಯನ್ನೂ ತೂಗಬೇಕು, ಎರಡೂ ಸಮ ಇರಬೇಕು ಎನ್ನುತ್ತಾನೆ. ಇಷ್ಟಾದರೆ ಮೋಟಾರು ಮರುವಾರವೇ ಸುಟ್ಟರೂ ಅವನಿಗೆ ಬೇಸರವಿಲ್ಲ, ತೂಕದಲ್ಲಿ ಮೋಸವಾಗಿಲ್ಲವಲ್ಲ. ಹೀಗೆ ಮೂವತ್ತೆಂಟು ವರ್ಷ ತೂಗಿ ತೂಗಿ ಮಾಮನ ಬಲಗೈಯೇ ಒಂದು ತಕ್ಕಡಿಯಾಗಿಬಿಟ್ಟಿದೆ. ಒಂದು ವಸ್ತುವನ್ನು ಎತ್ತಿ, ಕಣ್ಣು ಅರ್ಧ ಮುಚ್ಚಿ, ತೂಕ ಹೇಳುತ್ತಾರೆ. ಆಮೇಲೆ ತಕ್ಕಡಿಗೆ ಹಾಕಿದರೆ ಐವತ್ತು ಗ್ರಾಮ್ ಆಚೀಚೆ ಇರುತ್ತದೆ. ಆ ಐವತ್ತು ಗ್ರಾಮ್ ತಕ್ಕಡಿಯ ತಪ್ಪು ಎಂದು ಮಾಮ ಹೇಳುತ್ತಾರೆ.

ತೂಕದ ವಿಷಯದಲ್ಲಿ ಅವರು ಎಂದೂ ಸುಳ್ಳು ಹೇಳಿದವರಲ್ಲ. ಉಳಿದ ವಿಷಯಗಳಲ್ಲಿ ಎಲ್ಲರಂತೆಯೇ.

ಕೈಗೆ ಇಷ್ಟು ವಿದ್ಯೆ ಬಂದಮೇಲೆ ತಲೆಗೆ ಬಿಡುವು ಸಿಕ್ಕಿತು. ಜಗತ್ತಿನ ಎಲ್ಲ ಪ್ರಶ್ನೆಗಳನ್ನೂ ಮಾಮ ಎತ್ತಿ ನೋಡಿಯೇ ಬಗೆಹರಿಸತೊಡಗಿದರು. ಭಾರ ಇದ್ದದ್ದು ಒಳ್ಳೆಯದು, ಹಗುರ ಇದ್ದದ್ದು ಮೋಸ. ಮಗಳು ಅಮುದಕ್ಕನನ್ನು ನೋಡಲು ಬೋಡಿಯಿಂದ ಬಂದಿದ್ದ ಒಬ್ಬ ಹುಡುಗನ ಕೈಗಡಿಯಾರವನ್ನು ಕೇಳಿ ತೆಗೆದುಕೊಂಡು, ಅಂಗೈಯಲ್ಲಿ ಎರಡು ಸಲ ಕುಣಿಸಿ, ಮರ್ಯಾದೆಯಿಂದ ವಾಪಸ್ ಕೊಟ್ಟರು. ಆ ಸಂಬಂಧ ಮುಂದುವರಿಯಲಿಲ್ಲ. ಅಮುದಕ್ಕನಿಗೂ ಹುಡುಗ ಹಿಡಿಸಿರಲಿಲ್ಲವಾದ್ದರಿಂದ ಆ ದಿನ ಯಾರೂ ಜಗಳ ಮಾಡಲಿಲ್ಲ.

"ನನ್ನ ನೋಡಾಕ್ ಬಂದಾಗ ಎತ್ತಿ ನೋಡ್ಲಿಲ್ಲ, ಪುಣ್ಯ" ಎಂದು ಅವರ ಹೆಂಡತಿ ಪಾಂಡಿಯಮ್ಮಾಳ್ ಅತ್ತೆ ಈಗಲೂ ಹೇಳುತ್ತಾರೆ.

"ಕಣ್ಣಾಗೇ ಗೊತ್ತಾಯ್ತು" ಎಂದು ಮಾಮ ತಂತಿಯಿಂದ ತಲೆ ಎತ್ತದೆ ಹೇಳುತ್ತಾರೆ. "ಅದಕ್ಕೆ ಕೈ ಬೇಕಾ?"

ಇಂಥ ಮನೆಗೆ ಕಂಪ್ಯೂಟರು ಬಂದದ್ದೂ ತೂಕದ ದಾರಿಯಿಂದಲೇ. ಬೋಡಿ ಬೆಟ್ಟದ ಮೇಲಿನ ಏಲಕ್ಕಿ ತೋಟವೊಂದರ ಮ್ಯಾನೇಜರು ಊರು ಬಿಟ್ಟು ಹೊರಟಾಗ, ಮೋಟಾರು ಸುತ್ತಿಕೊಟ್ಟದ್ದಕ್ಕೆ ಪ್ರತಿಯಾಗಿ ತನ್ನ ಮಗ ಆಡಿ ಬಿಟ್ಟ ಹಳೆಯ ಮನೆ ಕಂಪ್ಯೂಟರನ್ನು ಕೊಟ್ಟುಹೋದರು. ಹನ್ನೆರಡು ವರ್ಷ ಹಳೆಯದು. ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಕಂಪ್ಯೂಟರು; ಟಿವಿಗೆ ಸಿಕ್ಕಿಸಿದರೆ ಅಕ್ಷರ ಕಾಣುತ್ತದೆ. ಮಾಮ ಎತ್ತಿ ನೋಡಿ, "ಎರಡೂಕಾಲು ಕಿಲೋ. ಪಿಲಾಸ್ಟಿಕ್ಕೇ ಜಾಸ್ತಿ" ಎಂದು ತೀರ್ಪು ಕೊಟ್ಟು ಅಟ್ಟಕ್ಕೆ ಹಾಕಿದರು.

ಅದನ್ನು ಅಟ್ಟದಿಂದ ಇಳಿಸಿದವಳು ಅಮುದಕ್ಕ. ಆಕೆ ತೇನಿಯಲ್ಲಿ ಒಂದು ವರ್ಷ ಕಂಪ್ಯೂಟರ್ ಡಿಪ್ಲೊಮಾ ಓದಿ ಬಂದಿದ್ದಳು. ಹೊಸ ಕಂಪ್ಯೂಟರು ಕೊಳ್ಳುವ ಮಾತು ಆ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಹಾಗಾಗಿ ಹಳೆಯದಕ್ಕೇ ಚೆನ್ನೈಯಿಂದ ಹೆಚ್ಚಿನ ಮೆಮೊರಿಯ ಒಂದು ಬೋರ್ಡನ್ನೂ ಒಂದು ಫ್ಲಾಪಿ ಡ್ರೈವನ್ನೂ ತರಿಸಿ ಸೇರಿಸಿದಳು. ಮನೆಯ ಮುಂದಿನ ರೂಮಿನಲ್ಲಿ ಮೇಜು ಹಾಕಿ, ಗೋಡೆಯ ಮೇಲೆ ತಾನೇ "ಅಮುದಾ ಕಂಪ್ಯೂಟರ್ ಸೆಂಟರ್" ಎಂದು ಬರೆದಳು. ಮೊದಲ ಬ್ಯಾಚಿನಲ್ಲಿ ಮೂವರು ಸೇರಿದರು. ಇಬ್ಬರು ನೆಂಟರು, ಒಬ್ಬರು ಪಕ್ಕದ ಮನೆಯವರು. ಪಕ್ಕದ ಮನೆ ನಮ್ಮದು.

ಹೊಸ ಭಾಗಗಳು ಸೇರಿದ ಮೇಲೆ ಕಂಪ್ಯೂಟರಿನ ಹಸಿವು ಹೆಚ್ಚಿತು, ಅದಕ್ಕೆ ಕರೆಂಟು ಉಣಿಸುತ್ತಿದ್ದ ಕಪ್ಪು ಡಬ್ಬಿ ಮಾತ್ರ ಹಳೆಯದೇ. ಕಂಪ್ಯೂಟರಿಗೆ ಬೇಕಾದ್ದು ಐದು ವೋಲ್ಟು, ಡ್ರೈವಿಗೆ ಹನ್ನೆರಡು. ಗೋಡೆಯಿಂದ ಬರುವ ಕರೆಂಟನ್ನು ಇಳಿಸಿ ಇಷ್ಟನ್ನೇ ಕೊಡುವುದು ಆ ಡಬ್ಬಿಯ ಕೆಲಸ. ಇಪ್ಪತ್ತು ನಿಮಿಷಕ್ಕೆ ಅದು ದೋಸೆ ಕಲ್ಲಿನಂತೆ ಕಾಯುತ್ತಿತ್ತು, ಇಪ್ಪತ್ತೈದಕ್ಕೆ ಪರದೆ ಖಾಲಿ. ಒಂದು ದಿನ ಡಬ್ಬಿ ಕರಗಿ ಮೇಜಿಗೆ ಅಂಟಿಕೊಂಡಿತು. ಅದನ್ನು ಕಿತ್ತ ಗುರುತು ಮೇಜಿನ ಮೇಲೆ ಇನ್ನೂ ಇದೆ.

ಅದೇ ವಾರ ಮಾರ್ಕಯನ್‌ಕೋಟ್ಟೈಯ ಪೆರಿಯಸಾಮಿ ಹೇಳಿಕಳಿಸಿದರು. ಅವರು ಬಾಳೆ ಮಂಡಿ ನಡೆಸುತ್ತಾರೆ, ಒಂದು ಶಾಲೆಯನ್ನೂ ನಡೆಸುತ್ತಾರೆ. ಎರಡಕ್ಕೂ ಒಂದೇ ಕುರ್ಚಿ. ಜೂನಿನಲ್ಲಿ ಶಾಲೆ ಶುರುವಾದಾಗ ಅರವತ್ತು ಮಕ್ಕಳನ್ನು ವಾರಕ್ಕೆ ಎರಡು ದಿನ ಅಮುದಕ್ಕನ ಬಳಿ ಕಳಿಸುತ್ತಾರಂತೆ. ಅದಕ್ಕೆ ಒಂದೇ ಷರತ್ತು. ಅವರೇ ಬಂದು ಕೂತು ನೋಡುವಾಗ ಕಂಪ್ಯೂಟರು ಒಂದು ಗಂಟೆ ನಿಲ್ಲದೆ ನಡೆಯಬೇಕು. ಹಿಂದಿನ ವರ್ಷ ಅವರು ಮಕ್ಕಳನ್ನು ಕಳಿಸಿದ್ದ ಕಡೆ ಕಂಪ್ಯೂಟರು ಹತ್ತು ನಿಮಿಷಕ್ಕೊಮ್ಮೆ ನಿಂತು, ಮಕ್ಕಳು ವರ್ಷವಿಡೀ ಅಂಗಳದಲ್ಲಿ ಕಬಡ್ಡಿ ಕಲಿತು ಬಂದಿದ್ದರು.

ಮಾಮ ಇದಕ್ಕೆ ತಮ್ಮದೂ ಒಂದು ಷರತ್ತು ಸೇರಿಸಿದರು. "ನಡೆದ್ರೆ ನಡೀಲಿ. ನಡೀಲಿಲ್ಲಾಂದ್ರೆ ಮುಂದಿನ ರೂಮು ತಾಮ್ರಕ್ಕೆ. ಅಂಗಡೀಲಿ ಜಾಗ ಇಲ್ಲ."

"ಆಗ ನಾನು?" ಎಂದಳು ಅಮುದಕ್ಕ.

"ನೀನು ಹಿಂದಿನ ರೂಮು. ಅಮ್ಮನ ಜೊತೆ."

ಹಿಂದಿನ ರೂಮೆಂದರೆ ಅಡುಗೆಮನೆ. ಅಮುದಕ್ಕನಿಗೆ ಇಪ್ಪತ್ತೆರಡು ವರ್ಷ. ತಾನು ಯಾರ ಜೊತೆ, ಯಾವ ರೂಮಿನಲ್ಲಿ ಎಂಬುದು ಒಂದು ಕರೆಂಟು ಡಬ್ಬಿಯ ಮೇಲೆ ನಿಂತಿತು.

ಹೊಸ ಡಬ್ಬಿ ಆರಿಸಲು ಅಪ್ಪ ಮಗಳು ದಿಂಡಿಗಲ್ಲಿಗೆ ಹೋದರು. ತೇನಿ, ಪೆರಿಯಕುಳಂ, ವತ್ತಲಗುಂಡು ದಾಟಿ ಮೂರು ಗಂಟೆ ಬಸ್ಸು. ಅಲ್ಲಿ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯವನು ಗಾಜಿನ ಮೇಜಿನ ಮೇಲೆ ಒಂದು ತಗಡಿನ ತಟ್ಟೆಯಂಥದ್ದನ್ನು ಇಟ್ಟ. ಅದಕ್ಕೆ ಎಸ್‌ಎಂಪಿಎಸ್ ಎನ್ನುತ್ತಾರೆ. ಅಂಗೈಯಷ್ಟು ಉದ್ದ, ಮೇಲೆ ಒಂದು ಚೀಟಿ: ತೊಂಬತ್ತು ವೋಲ್ಟಿನಿಂದ ಇನ್ನೂರ ಅರವತ್ತರವರೆಗೆ ಎಷ್ಟು ಬಂದರೂ ಸರಿ, ಹೊರಗೆ ಐದು ಮತ್ತು ಹನ್ನೆರಡು. ಚೀಟಿಯನ್ನು ಅಮುದಕ್ಕ ಓದಿದಳು. ಮಾಮ ಓದಲಿಲ್ಲ, ಎತ್ತಿದರು.

"ನಾನೂರೈವತ್ತು ಗ್ರಾಮು" ಎಂದರು. ಅವರ ಮುಖ ನೋಡಿದರೆ ಯಾರೋ ತೀರಿಕೊಂಡ ಸುದ್ದಿ ಬಂದಂತಿತ್ತು ಎಂದು ಅಮುದಕ್ಕ ಆಮೇಲೆ ಹೇಳಿದಳು. "ಇದ್ರೊಳಗೆ ಏನೈತೆ? ಗಾಳಿಯಾ?"

"ಅಪ್ಪಾ, ಇದು ಬೇರೆ ಟೈಪು. ಇದ್ಕೆ ದೊಡ್ಡ ಟ್ರಾನ್ಸ್‌ಫಾರ್ಮರ್ ಬೇಕಾಗಿಲ್ಲ. ಕರೆಂಟು ಏರಿದ್ರೂ ಇಳಿದ್ರೂ ಅದೇ ಸರಿ ಮಾಡ್ಕೊಳ್ತದೆ."

"ಹೊಟ್ಟೇನೇ ಇಲ್ದಿರೋನು ಉಂಡಿದ್ದನ್ನ ಎಲ್ಲಿ ಮಡಗ್ತಾನೆ ತಾಯೀ?"

ಅಂಗಡಿಯವನು ತಮಿಳಿನಲ್ಲಿ, "ಪೆರಿಯವರೇ, ಇಪ್ಪೊ ಎಲ್ಲಾಮೇ ಇದುದಾನ್" ಎಂದ. ಈಗೆಲ್ಲಾ ಇದೇ ಎಂದರ್ಥ.

"ಅದಕ್ಕೇ ಈಗೆಲ್ಲಾ ಹಿಂಗೈತೆ" ಎಂದು ಮಾಮ ನಮ್ಮ ಮನೆಮಾತಾದ ಕನ್ನಡದಲ್ಲೇ ಹೇಳಿ ಎದ್ದರು. ಬಾಗಿಲಲ್ಲಿ ನಿಂತು, ಅಂಗಡಿಯವನಿಗೂ ಕೇಳಿಸುವಂತೆ, ತಮ್ಮ ಮನೆಯ ಪ್ಲಗ್ಗಿಗೆ ಒಂದು ಕಿಲೋಗಿಂತ ಕಡಿಮೆ ಇರುವ ಯಾವುದೂ ಏರುವುದಿಲ್ಲ ಎಂದು ಸಾರಿದರು. ಕಂಪ್ಯೂಟರಿಗೆ ಬೇಕಾದ್ದನ್ನು ತಾವೇ ಸುತ್ತುವುದಾಗಿಯೂ ಹೇಳಿದರು.

ದಿಂಡಿಗಲ್ಲಿಗೆ ಬಂದವರು ಬರಿಗೈಯಲ್ಲಿ ಹೋಗಬಾರದೆಂದು ಮಾಮ ಪಕ್ಕದ ಬೀಗದ ಅಂಗಡಿಗೆ ಹೊಕ್ಕರು. ಬೀಗಗಳ ಊರಿನಲ್ಲಿ ಅವರಿಗೆ ಸ್ವರ್ಗ ಸಿಕ್ಕಂತಾಯಿತು. ಎಡಗೈಗೊಂದು ಬಲಗೈಗೊಂದು ಬೀಗ ಹಿಡಿದು ಮುಕ್ಕಾಲು ಗಂಟೆ ತೂಗಿ, ಕೊನೆಗೆ ಒಂದೂಕಾಲು ಕಿಲೋದ ಒಂದನ್ನು ಕೊಂಡರು. ಮನೆಯಲ್ಲಿ ಅದನ್ನು ಹಾಕಲು ಸರಿಯಾದ ಚಿಲಕ ಇಲ್ಲ. ಈಗ ಅದು ಪಾಂಡಿಯಮ್ಮಾಳ್ ಅತ್ತೆಯ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಕೂತಿದೆ. ಅಲ್ಲಿ ಉಪಯೋಗಕ್ಕೆ ಬಂದಿದೆ.

ಆ ಮುಕ್ಕಾಲು ಗಂಟೆಯಲ್ಲಿ ಅಮುದಕ್ಕ ಮೊದಲಿನ ಅಂಗಡಿಗೆ ವಾಪಸ್ ಹೋಗಿ ಎಸ್‌ಎಂಪಿಎಸ್ ಕೊಂಡು ಕೈಚೀಲದಲ್ಲಿ ಹಾಕಿಕೊಂಡಳು. ಬಸ್ಸಿನಲ್ಲಿ ಮಾಮ "ಚೀಲ ಕೊಡು, ಮೇಲೆ ಇಡ್ತೀನಿ" ಎಂದು ಮೂರು ಸಲ ಕೈ ಚಾಚಿದರು. ಮೂರು ಸಲವೂ ಆಕೆ "ಪರವಾಯಿಲ್ಲಪ್ಪಾ" ಎಂದು ತೊಡೆಯ ಮೇಲೇ ಅಪ್ಪಿ ಹಿಡಿದಳು. ಆ ಕೈಗೆ ಚೀಲ ಸಿಕ್ಕಿದರೆ, ಹೋಗುವಾಗಿನ ತೂಕಕ್ಕೂ ಬರುವಾಗಿನ ತೂಕಕ್ಕೂ ಎಷ್ಟು ವ್ಯತ್ಯಾಸ ಎಂದು ವತ್ತಲಗುಂಡು ದಾಟುವುದರೊಳಗೆ ಗೊತ್ತಾಗುತ್ತಿತ್ತು.

ಮಾಮ ನಾಲ್ಕು ದಿನ ಮೋಟಾರುಗಳನ್ನು ಬದಿಗಿಟ್ಟು ಕಂಪ್ಯೂಟರಿನ ಕೆಲಸಕ್ಕೆ ಕೂತರು. ಹಳೆಯ ದೊಡ್ಡ ಸ್ಟೆಬಿಲೈಸರಿನ ಕಬ್ಬಿಣದ ತಗಡುಗಳನ್ನು ಜೋಡಿಸಿ, ಬೆರಳು ದಪ್ಪ ಸುರುಳಿ ಸುತ್ತಿ, ವಾರ್ನಿಷಿನಲ್ಲಿ ಅದ್ದಿ ಬಿಸಿಲಿಗಿಟ್ಟರು. ಒಳಗಿನ ಸಣ್ಣ ಸರ್ಕೀಟನ್ನು ಮಾತ್ರ ರೇಡಿಯೋ ರಿಪೇರಿಯ ಅಯ್ಯನಾರ್ ಅಣ್ಣ ಮಾಡಿಕೊಟ್ಟರು. ಎಲ್ಲವೂ ಕಬ್ಬಿಣದ ಪೆಟ್ಟಿಗೆಯೊಳಗೆ ಕೂತಿತು. ಒಂದು ಸಣ್ಣ ದೀಪದ ಬಲ್ಬಿನಷ್ಟು ಕರೆಂಟು ತಿನ್ನುವ ಕಂಪ್ಯೂಟರಿಗೆ ಮಾಮ ಮಾಡಿದ್ದು ಇಡ್ಲಿ ಹಿಟ್ಟು ರುಬ್ಬುವ ಗ್ರೈಂಡರು ನಡೆಸಬಲ್ಲಂಥದ್ದು. ತಕ್ಕಡಿಗೆ ಹಾಕಿದರು: ಹನ್ನೊಂದು ಕಿಲೋ ಸರಿಯಾಗಿ. ಪೆಟ್ಟಿಗೆಯ ಮೇಲೆ ಬಿಳಿ ಪೇಂಟಿನಲ್ಲಿ ಹನ್ನೊಂದು ಕಿಲೋ ಎಂದು ಬರೆದರು. ವೋಲ್ಟು ಎಷ್ಟೆಂದು ಬರೆಯಲಿಲ್ಲ. ಅದನ್ನು ಯಾರು ಕೇಳುತ್ತಾರೆ?

ಬೆಳಿಗ್ಗೆ ಏಳಕ್ಕೆ ಹಚ್ಚಿದರು. ಪೆಟ್ಟಿಗೆ ಗುಂಯ್ ಎಂದಿತು, ಕಂಪ್ಯೂಟರು ನಡೆಯಿತು. ಮಾಮ ರಸ್ತೆಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದು ಆ ಗುಂಯ್ ಕೇಳಿಸಿದರು. ಹತ್ತು ಗಂಟೆಗೆ ತೋಟಗಳಿಗೆ ಮೂರು ಫೇಸ್ ಕರೆಂಟು ಬಂತು.

ನಮ್ಮ ಕಡೆ ತೋಟದ ಕರೆಂಟು ದಿನಕ್ಕೆ ಕೆಲವೇ ಗಂಟೆ. ಅದು ಯಾವಾಗ ಬರುತ್ತದೋ ಎಂದು ಕಾಯುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಎಲ್ಲರೂ ಮೋಟಾರಿನ ಸ್ವಿಚ್ ಹಾಕಿಯೇ ಬಿಟ್ಟಿರುತ್ತಾರೆ. ಕರೆಂಟು ಬಂದ ಕ್ಷಣ ಅಷ್ಟೂ ಮೋಟಾರುಗಳು ಒಟ್ಟಿಗೇ ಎದ್ದು ಕೂತು ಕುಡಿಯತೊಡಗುತ್ತವೆ. ಮಾಮನ ಗೋಡೆಯ ದೊಡ್ಡ ಮೀಟರಿನ ಮುಳ್ಳು ಇನ್ನೂರ ಮೂವತ್ತರಿಂದ ನೂರ ಐವತ್ತೈದಕ್ಕೆ ಬಿತ್ತು. ಕಂಪ್ಯೂಟರಿಗೆ ಐದು ವೋಲ್ಟು ಸಾಲದೆ ಪರದೆ ಖಾಲಿಯಾಯಿತು. ಈ ಇಳಿತದಿಂದಲೇ ಮೋಟಾರುಗಳು ಸುಡುತ್ತವೆ, ಮಾಮನ ಮನೆ ನಡೆಯುತ್ತದೆ. ಆದ್ದರಿಂದ ಕರೆಂಟನ್ನು ಬೈಯುವಾಗಲೂ ಅವರು ಮೆಲ್ಲಗೆ ಬೈದರು.

ಅವರು ಎರಡು ದಿನ ಮತ್ತೆ ಕೂತು ನೂರ ಐವತ್ತೈದಕ್ಕೆ ಹೊಂದುವಂತೆ ಸುತ್ತಿದರು. ಈ ಸಲ ಪಂಪುಗಳು ಓಡುವಾಗ ಕಂಪ್ಯೂಟರು ಚೆನ್ನಾಗಿಯೇ ನಡೆಯಿತು. ಹನ್ನೆರಡಕ್ಕೆ ತೋಟದ ಕರೆಂಟು ಹೋಯಿತು, ಮೋಟಾರುಗಳು ನಿಂತವು, ಮುಳ್ಳು ಇನ್ನೂರ ಐವತ್ತಕ್ಕೆ ಹಾರಿತು, ಪೆಟ್ಟಿಗೆಯಿಂದ ನೀಲಿ ಹೊಗೆ ಬಂತು. ಅಮುದಕ್ಕ ಕೈಯನ್ನು ಸ್ವಿಚ್ಚಿನ ಮೇಲೇ ಇಟ್ಟುಕೊಂಡು ಕೂತಿದ್ದಳು, ಆರಿಸಿದಳು. ಇಲ್ಲದಿದ್ದರೆ ಐದು ವೋಲ್ಟಿನ ಕಡೆ ಇಪ್ಪತ್ತು ಹೋಗಿ ಒಳಗಿನ ಚಿಪ್ಪುಗಳು ಸತ್ತಿರುತ್ತಿದ್ದವು. ಅಂಥ ಚಿಪ್ಪು ಈಗ ಯಾವ ಊರಿನಲ್ಲೂ ಸಿಗುವುದಿಲ್ಲ.

"ಟಿವಿ ಸ್ಟೆಬಿಲೈಸರ್ ಮೂಲಕ ಕೊಟ್ಟರೆ?" ಎಂದು ಅತ್ತೆ ಕೇಳಿದರು. ಅದನ್ನೂ ಮಾಡಿ ನೋಡಿದ್ದಾಗಿತ್ತು. ಸ್ಟೆಬಿಲೈಸರು ಟಕ್ ಎಂದಾಗಲೆಲ್ಲ ಟಿವಿ ಒಮ್ಮೆ ಕಣ್ಣು ಮಿಟುಕಿಸಿ ಸುಮ್ಮನಾಗುತ್ತದೆ, ಕಂಪ್ಯೂಟರು ತನ್ನ ಹೆಸರನ್ನೇ ಮರೆಯುತ್ತದೆ.

ಆಗ ಮಾಮನಿಗೆ ಹೊಳೆದದ್ದು ಗುಬುಟು. ಪೆಟ್ಟಿಗೆಯ ಮುಂದೆ, ಫ್ಯಾನಿನ ರೆಗ್ಯುಲೇಟರಿನಂತೆ ತಿರುಗಿಸುವ ಒಂದು ಗುಬುಟು. ಪಂಪು ಓಡುವಾಗ ಎಡಕ್ಕೆ, ನಿಂತಾಗ ಬಲಕ್ಕೆ. ಅದನ್ನು ಕೂರಿಸಿದ ಮೇಲೂ ತೂಕ ಸರಿಯಾಗಿ ಹನ್ನೊಂದು ಕಿಲೋವೇ ಬರುವಂತೆ ನೋಡಿಕೊಂಡರು. ಯೋಜನೆಯಲ್ಲಿ ಎರಡೇ ಕೊರತೆಗಳಿದ್ದವು: ತಿರುಗಿಸಿದ ಪ್ರತಿ ಸಲ ಕಂಪ್ಯೂಟರು ನಿಂತು ಮೊದಲಿನಿಂದ ಶುರುವಾಗುತ್ತಿತ್ತು, ತಿರುಗಿಸುವುದು ಅರೆಗಳಿಗೆ ತಡವಾದರೆ ಹೊಗೆ. ಪೆರಿಯಸಾಮಿಯವರು ಸೋಮವಾರ ಹನ್ನೊಂದೂವರೆಗೆ ಬರುವುದೆಂದು ತಿಳಿಸಿದ್ದರು. ಹನ್ನೆರಡಕ್ಕೆ ತೋಟದ ಕರೆಂಟು ಹೋಗುತ್ತದೆ. ಸರಿಯಾಗಿ ಆ ಒಂದು ಗಂಟೆಯ ನಡುವೆ ಗುಬುಟು ತಿರುಗಬೇಕು.

"ತಿರುಗಿಸಿದಾಗ ನಿಂತುಹೋಗ್ತದಲ್ಲಪ್ಪಾ. ಅವ್ರು ನಿಲ್ಲಬಾರ್ದು ಅಂದೌರೆ."

"ರೆಸ್ಟು ಅಂತ ಹೇಳು. ಎತ್ತಿಗೂ ನೊಗ ಬಿಚ್ಚಿ ನೀರು ಕುಡಿಸಾಕಿಲ್ವಾ?"

ಭಾನುವಾರ ತೇವಾರಂನಲ್ಲಿ ನೆಂಟರ ಮದುವೆ ಇತ್ತು. ಮಾಮ ಅಲ್ಲಿಗೆ ಹೋಗಿ ಸೇರುವಷ್ಟರಲ್ಲಿ ಅಯ್ಯನಾರ್ ಅಣ್ಣ ಸ್ಕ್ರೂಡ್ರೈವರ್ ಹಿಡಿದು ಮುಂದಿನ ರೂಮಿನಲ್ಲಿದ್ದರು. ಅಮುದಕ್ಕ ಅಕ್ಕಿ ಡಬ್ಬದಿಂದ ಎಸ್‌ಎಂಪಿಎಸ್ ತೆಗೆದಳು.

"ಇದನ್ನ ಹಾಗೇ ಮೇಜಿನ ಮೇಲೆ ಇಟ್ಟು ಹಚ್ಚಿದರೆ ಆಗಲ್ವಾ ತಂಗಚ್ಚಿ?" ಎಂದರು ಅಯ್ಯನಾರ್ ಅಣ್ಣ.

"ಅಪ್ಪ ಕಿತ್ತು ರಸ್ತೆಗೆ ಎಸೀತಾರೆ. ಇನ್ನು ಪೆರಿಯಸಾಮಿ ಅಯ್ಯಾ ಬಾಳೆ ಮಂಡಿಯವ್ರು. ಗೊನೆ ಎತ್ತಿ ನೋಡ್ದೇ ಬೆಲೆ ಹೇಳಿದೋರಲ್ಲ. ಇದನ್ನ ನೋಡಿದ್ರೆ ಮಕ್ಕಳನ್ನ ಕಳಿಸ್ತಾರಾ?"

ಹೀಗೆ ಯೋಚಿಸಿ, ಎಸ್‌ಎಂಪಿಎಸ್ಸನ್ನು ಹನ್ನೊಂದು ಕಿಲೋದ ಪೆಟ್ಟಿಗೆಯೊಳಗೇ ಒಂದು ಮೂಲೆಯಲ್ಲಿ ಕೂರಿಸಿದರು. ಗೋಡೆಯ ಕರೆಂಟು ಈಗ ಅದಕ್ಕೆ, ಅದರಿಂದ ಕಂಪ್ಯೂಟರಿಗೆ. ಮಾಮನ ಟ್ರಾನ್ಸ್‌ಫಾರ್ಮರಿನಿಂದ ಹೊರಗೆ ಹೋಗುವ ತಂತಿಗಳನ್ನು ಬಿಚ್ಚಿ ಟೇಪು ಸುತ್ತಿದರು. ಒಳಗೆ ಬರುವ ತಂತಿಗಳನ್ನು ಬಿಚ್ಚಲು ಹೊರಟಾಗ ಅಯ್ಯನಾರ್ ಅಣ್ಣನೇ ತಡೆದರು. "ಇರಲಿ, ಅದು ಗುಂಯ್ ಅನ್ನಬೇಕು. ಗುಂಯ್ ಇಲ್ಲಾಂದ್ರೆ ಕಂದಸಾಮಿ ಅಣ್ಣಂಗೆ ಬಾಗಿಲಲ್ಲೇ ಗೊತ್ತಾಗಿಬಿಡ್ತದೆ." ಹೀಗೆ ಹನ್ನೊಂದು ಕಿಲೋ ಕಬ್ಬಿಣ ಮತ್ತು ತಾಮ್ರಕ್ಕೆ ಗುಂಯ್‌ಗುಟ್ಟುವ ಒಂದೇ ಕೆಲಸ ಉಳಿಯಿತು. ಗುಬುಟು ತಿರುಗಿಸಿದರೆ ಗುಂಯ್‌ನ ಸ್ವರ ಬದಲಾಗುತ್ತದೆ, ಬೇರೇನೂ ಆಗುವುದಿಲ್ಲ.

"ತೂಕ ಏರಿತಲ್ಲ" ಎಂದು ಮುಚ್ಚಳ ಬಿಗಿಯುವಾಗ ಅಯ್ಯನಾರ್ ಅಣ್ಣ ನೆನಪಿಸಿದರು. "ನಾನೂರೈವತ್ತು ಗ್ರಾಮು. ಅಷ್ಟು ಕಬ್ಬಿಣ ತೆಗೀಲಾ?"

ಅಮುದಕ್ಕ ಯೋಚಿಸಿದಳು. ತಗಡು ಬಿಚ್ಚಿದರೆ ವಾರ್ನಿಷು ಒಡೆಯುತ್ತದೆ. ಮದುವೆ ಊಟ ಮುಗಿದು ಎರಡು ಗಂಟೆಯ ಬಸ್ಸಿಗೆ ಅಪ್ಪ ಹೊರಟಿರುತ್ತಾರೆ. "ಬೇಡಣ್ಣಾ. ನಾಳೆ ಒಂದು ಗಂಟೆ ಹೊತ್ತು ಅಪ್ಪ ಇದನ್ನ ಎತ್ತದಂಗೆ ನೋಡ್ಕೊಂಡ್ರೆ ಸಾಕು."

ಮೂವತ್ತೆಂಟು ವರ್ಷ ಎತ್ತುವುದನ್ನೇ ಉಸಿರಾಗಿಸಿಕೊಂಡ ಮನುಷ್ಯನನ್ನು ಒಂದು ಗಂಟೆ ತಡೆಯುವುದು ಎಷ್ಟು ಸುಲಭ ಎಂದು ಆಕೆಯೂ ಬಲ್ಲಳು.

ಸೋಮವಾರ ಪೆರಿಯಸಾಮಿಯವರು ಹನ್ನೊಂದೂವರೆಗೆ ಸರಿಯಾಗಿ ಬಂದರು. ಅಗಲವಾದ ಮನುಷ್ಯ, ಬಿಳಿ ಅಂಗಿಯ ಜೇಬಿನಲ್ಲಿ ನಾಲ್ಕು ಪೆನ್ನು. ಕುರ್ಚಿಯಲ್ಲಿ ಕೂತು ಗಡಿಯಾರವನ್ನು ಮಣಿಕಟ್ಟಿನಿಂದ ಬಿಚ್ಚಿ ಮೇಜಿನ ಮೇಲಿಟ್ಟರು. ಮಾಮನ ಕೈ ಅದರ ಕಡೆ ಹೊರಟಿತು. ಅತ್ತೆ ಆ ಕೈಗೆ ಕಾಫಿ ಲೋಟ ಕೊಟ್ಟರು.

ಅಮುದಕ್ಕ ಫ್ಲಾಪಿ ಹಾಕಿ ಮಗ್ಗಿ ಕೇಳುವ ಪ್ರೋಗ್ರಾಮನ್ನು ತೆರೆದಳು. ಅದು ಲೆಕ್ಕ ಕೇಳುತ್ತದೆ, ಉತ್ತರ ತಪ್ಪಿದರೆ ಕೀಂ ಎನ್ನುತ್ತದೆ. ಪೆರಿಯಸಾಮಿಯವರು ತಾವೇ ಆಡಲು ಕೂತರು. ಹದಿಮೂರರ ಮಗ್ಗಿಯಲ್ಲಿ ಮೂರು ಸಲ ಕೀಂ ಎಂದಿತು. "ಇದು ತಪ್ಪು ಹೇಳ್ತಾ ಐತೆ" ಎಂದರು. ಯಾರೂ ಅಲ್ಲ ಎನ್ನಲಿಲ್ಲ. ಗೋಡೆಯ ಮೀಟರು ನೂರ ಐವತ್ತೆಂಟರಲ್ಲಿತ್ತು. ಕಂಪ್ಯೂಟರು ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮಾಮ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಕಣ್ಣು ಮೀಟರಿನ ಮೇಲೆ, ಎರಡು ಬೆರಳು ಗುಬುಟಿನ ಮೇಲೆ. ದೇವರ ಬಾಗಿಲು ತೆರೆಯುವ ಪೂಜಾರಿಗೂ ಅಷ್ಟು ಗಾಂಭೀರ್ಯ ಇರುವುದಿಲ್ಲ. ಹನ್ನೆರಡಾಗಿ ಎರಡು ನಿಮಿಷಕ್ಕೆ ಹೊರಗೆ ಪಂಪುಗಳ ಸದ್ದು ಒಮ್ಮೆಲೇ ನಿಂತಿತು. ಮುಳ್ಳು ಮೇಲಕ್ಕೆ ಹಾರಿತು. ಮಾಮ ಗುಬುಟನ್ನು ಬಲಕ್ಕೆ ತಿರುಗಿಸಿದರು, ತಿರುಗಿಸುತ್ತಲೇ ಜೋರಾಗಿ ಹೇಳಿದರು: "ಈಗ ಸ್ವಲ್ಪ ರೆಸ್ಟು!"

ರೆಸ್ಟು ಬರಲಿಲ್ಲ. ಪರದೆಯಲ್ಲಿ ಹದಿನಾಲ್ಕು ಏಳಲಿ ಎಷ್ಟು ಎಂಬ ಪ್ರಶ್ನೆ ಹಾಗೆಯೇ ಇತ್ತು. ಮಾಮ ಪರದೆ ನೋಡಿದರು. ಗುಬುಟು ನೋಡಿದರು. ಎಡಕ್ಕೆ ತಿರುಗಿಸಿದರು, ಗುಂಯ್ ದಪ್ಪವಾಯಿತು. ಬಲಕ್ಕೆ ತಿರುಗಿಸಿದರು; ತೆಳುವಾಯಿತು. ಪ್ರಶ್ನೆ ಅಲ್ಲಾಡಲಿಲ್ಲ.

"ಯಾರಿಗೆ ರೆಸ್ಟು?" ಎಂದರು ಪೆರಿಯಸಾಮಿ.

"ನಿಮ್ಗೆ ಅಯ್ಯಾ" ಎಂದರು ಅತ್ತೆ. "ಇನ್ನೊಂದು ಲೋಟ ಕಾಫಿ?"

ಹನ್ನೆರಡೂವರೆಗೆ ಪೆರಿಯಸಾಮಿಯವರು ಗಡಿಯಾರ ನೋಡಿ ಎದ್ದರು. ಆ ಒಂದು ಗಂಟೆಯಲ್ಲಿ ಕಂಪ್ಯೂಟರು ಒಮ್ಮೆಯೂ ನಿಂತಿರಲಿಲ್ಲ. ಅಮುದಕ್ಕ ಉಸಿರು ಬಿಟ್ಟಳು. ಆಗಲೇ ಪೆರಿಯಸಾಮಿಯವರ ಕಣ್ಣು ಪೆಟ್ಟಿಗೆಯ ಮೇಲಿನ ಬಿಳಿ ಅಕ್ಷರಕ್ಕೆ ಬಿತ್ತು.

"ಕಂದಸಾಮೀ, ಇದು ನಿಮ್ಮ ಕೈಯ ಕೆಲ್ಸಾನಾ?" ಎನ್ನುತ್ತ ಬಗ್ಗಿ, ಎರಡೂ ಕೈಯಲ್ಲಿ ಗೊನೆ ಎತ್ತುವಂತೆ ಎತ್ತಿದರು. ಮುಖ ಅರಳಿತು. "ಅಡೇಯಪ್ಪಾ! ಭಾರ ಐತಲ್ಲ! ಹೋದೊರ್ಷ ಆ ಕಡೆ ಇದ್ದ ಡಬ್ಬಿ ಸೋಪಿನ ಪೆಟ್ಟಿಗೆ ಥರಾ ಇತ್ತು. ಇದಲ್ವಾ ಪೆಟ್ಟಿಗೆ? ಆದ್ರೆ ಹನ್ನೊಂದು ಇರಾಕಿಲ್ಲ. ಹೆಚ್ಚೇ ಇರ್ತದೆ ಅಂತೀನಿ. ನೋಡಿ ಹೇಳಿ."

ಪೆಟ್ಟಿಗೆಯನ್ನು ಮಾಮನ ಕಡೆ ಚಾಚಿದರು. ಅಮುದಕ್ಕ "ಅಪ್ಪಾ, ವೈರು ಬಿಟ್ಟುಹೋಗ್ತದೆ" ಎಂದು ಮುಂದೆ ಬಂದಳು. ಅತ್ತೆ ಬೇರೆ ಲೋಟ ಹುಡುಕಿದರು. ಅಷ್ಟರಲ್ಲಿ ಪೆಟ್ಟಿಗೆ ಮಾಮನ ಬಲಗೈಯಲ್ಲಿತ್ತು.

ಮಾಮ ಕಣ್ಣು ಅರ್ಧ ಮುಚ್ಚಿದರು. ಸಾಮಾನ್ಯವಾಗಿ ಅವರಿಗೆ ಎರಡು ಉಸಿರು ಸಾಕು. ಈ ಸಲ ನಾನು ಆರು ಎಣಿಸಿದೆ. ಕೈ ಸ್ವಲ್ಪ ಮೇಲೆ ಹೋಯಿತು, ಕೆಳಗೆ ಬಂತು, ಬಲಕ್ಕೆ ಸ್ವಲ್ಪ ವಾಲಿತು. ಎಸ್‌ಎಂಪಿಎಸ್ ಕೂತಿದ್ದದ್ದು ಬಲ ಮೂಲೆಯಲ್ಲಿ. ಮಾಮ ಕಣ್ಣು ತೆರೆದು ಮಗಳನ್ನು ನೋಡಿದರು. ಅಮುದಕ್ಕ ನೆಲ ನೋಡಿದಳು.

"ಎಷ್ಟು?" ಎಂದರು ಪೆರಿಯಸಾಮಿ.

"ಹನ್ನೊಂದು" ಎಂದರು ಮಾಮ.

"ಸರಿಯಾಗಿ?"

"ಸರಿಯಾಗಿ. ನಾನೇ ತೂಗಿ ಬರ್ದಿರೋದು."

"ಹಂಗಾದ್ರೆ ನನ್ನ ಕೈಯೇ ತಪ್ಪು" ಎಂದು ಬಾಳೆ ಮಂಡಿಯವರು ಬಹಳ ಸಂತೋಷದಿಂದ ಒಪ್ಪಿಕೊಂಡರು. ಜೂನ್ ಎರಡನೇ ವಾರದಿಂದ ಮಕ್ಕಳನ್ನು ಕಳಿಸುವುದಾಗಿ ಹೇಳಿ, ಗಡಿಯಾರ ಕಟ್ಟಿಕೊಂಡು, ಕಬ್ಬಿಣ ಹಾಕಿ ಮಾಡಿದ ಕಂಪ್ಯೂಟರು ಹೀಗಿರಬೇಕು ಎಂದು ಬಾಗಿಲಲ್ಲಿ ಇನ್ನೊಮ್ಮೆ ಹೊಗಳಿ ಹೋದರು.

ಆಮೇಲೆ ಜಗಳ ಆಗುತ್ತದೆಂದು ಎಲ್ಲರೂ ಕಾದೆವು. ಮಾಮ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು, ವೈರು ಸರಿಪಡಿಸಿ, ಊಟ ಮಾಡಿ, ಅಂಗಡಿಗೆ ಹೋದರು. ಸಂಜೆ ಒಬ್ಬ ರೈತ ಸುಟ್ಟ ಮೋಟಾರು ತಂದಾಗ ಹಳೆಯ ತಾಮ್ರವನ್ನು ಮೂರು ಸಲ ತೂಗಿದರಂತೆ. ಸಾಮಾನ್ಯವಾಗಿ ಒಂದು ಸಲ ಸಾಕು.

ಮಾರನೆಯ ಬೆಳಿಗ್ಗೆ ಅಮುದಕ್ಕ ಮುಂದಿನ ರೂಮಿನ ಬಾಗಿಲು ತೆಗೆದಾಗ ಪೇಂಟಿನ ವಾಸನೆ ಬಂತು. ಪೆಟ್ಟಿಗೆಯ ಮೇಲೆ ಹನ್ನೊಂದು ಕಿಲೋ ಎಂಬುದರ ಪಕ್ಕದಲ್ಲಿ, ಅದೇ ಬಿಳಿ ಬಣ್ಣದಲ್ಲಿ, ಸ್ವಲ್ಪ ಸಣ್ಣದಾಗಿ, ನಾನೂರೈವತ್ತು ಗ್ರಾಮ್ ಎಂದು ಸೇರಿತ್ತು. ಪಕ್ಕದಲ್ಲೇ ಮಾಮ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತಿದ್ದರು.

ಪಾಂಡಿಯಮ್ಮಾಳ್ ಅತ್ತೆ ಓದಿ, ಸೊಂಟಕ್ಕೆ ಕೈ ಇಟ್ಟರು. "ನಿನ್ನೆ ಹನ್ನೊಂದು ಸರಿಯಾಗಿ ಅಂದ್ರಿ. ರಾತ್ರೆಲ್ಲಾ ಪೆಟ್ಟಿಗೆ ಏನು ಉಂಡಿತು?"

"ಪೇಂಟ್ ಹೊಡ್ದ್ರೆ ತೂಕ ಏರಾಕಿಲ್ವಾ?" ಎಂದರು ಮಾಮ.

ಮಾಮ ಬ್ರಷ್ಷು ಒದರಿ ಎದ್ದು, ಗುಬುಟನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ, ಗುಂಯ್ ಸರಿ ಇದೆ ಎಂದು ಖಚಿತ ಮಾಡಿಕೊಂಡರು.

"ಅರವತ್ತು ಮಕ್ಕಳು ಬತ್ತಾರೆ" ಎಂದರು. "ತಾಮ್ರ ಹಿಂದಿನ ರೂಮಾಗೇ ಇರಲಿ."